ಎರಡಡಿ ಕಲ್ಲಿನ ಗೋಡೆ, ಹದಿನೆಂಟು ಮೀಟರ್ ತಂತಿ

ಕಲ್ಲು ಗೋಡೆಯ ಮಾಳಿಗೆ ಮನೆಯಲ್ಲಿ ವೈಫೈ ಹಿಂದಿನ ಕೋಣೆ ಮುಟ್ಟುವುದಿಲ್ಲ ಎಂದು ರಾಯಚೂರಿನಲ್ಲಿ ಲೈನ್ ಎಳೆಯಲು ಬಂದವರೆಲ್ಲ ಹೇಳಿದ್ದರು. "ಸರ, ಪ್ಲಾನ್ ದೊಡ್ಡದು ಮಾಡಸ್ರಿ, ಇಲ್ಲಾಂದ್ರ ಮೆಶ್ ಹಾಕಸ್ರಿ, ತಂತಿ ಎಳಿಯೂದು ಹಳೇ ಕಾಲದ್ದಾತು" ಅನ್ನುವುದೇ ಎಲ್ಲರ ಮಾತು. ಪ್ಲಾನೂ ಏರಿಸಿದೆ, ತಂತಿಯಿಲ್ಲದೆ ಒಂದಕ್ಕೊಂದು ಮಾತಾಡುವ ಹಲವು ವೈಫೈ ಡಬ್ಬಿಗಳ ಮೆಶ್ಶೂ ಹಾಕಿಸಿ ನೋಡಿದೆ, ದುಡ್ಡು ಹೋಯಿತು. ಕೊನೆಗೆ ಗೆದ್ದದ್ದು ತಂತಿಯೇ. ವೈಫೈ ಓಡುವುದು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಲ್ಲಿ. ಈಗ ಅಡುಗೆಮನೆಯಲ್ಲಿ ನಿಂತು ಅಳೆದರೆ 5 ಗಿಗಾಹರ್ಟ್ಸ್‌ನಲ್ಲಿ 270ರಿಂದ 280 ಎಂಬಿಪಿಎಸ್ ಸಿಗುತ್ತದೆ, ಪ್ಲಾನ್ ಇರುವುದು 300ರದ್ದು. ಒಂದು ಪೂರ್ತಿ ಬೇಸಿಗೆ ದಾಟಿದ ಮೇಲೆ ಬರೆಯುತ್ತಿದ್ದೇನೆ.

ಮನೆಯ ಜೋಡಣೆ ಹೀಗಿದೆ. ಮುಂದೆ ಪಡಸಾಲೆ, ಆಮೇಲೆ ನಡುಮನೆ, ಹಿಂದೆ ಅಡುಗೆಮನೆ, ಅದಕ್ಕೆ ಅಂಟಿಕೊಂಡಂತೆ ನಂತರ ಕಟ್ಟಿದ ಆರ್‌ಸಿಸಿ ಕೋಣೆ. ನಡುವಿನ ಎರಡು ಗೋಡೆಗಳೂ ಕಲ್ಲು ಮಣ್ಣಿನವು, ದಪ್ಪ ಹೆಚ್ಚುಕಡಿಮೆ ಎರಡಡಿ. ಫೈಬರ್ ಬಂದು ಸೇರುವ, ವೈಫೈಯನ್ನೂ ಕೊಡುವ ಡಬ್ಬಿಯನ್ನು ಎಲ್ಲ ಮನೆಗಳ ಹಾಗೆ ತಲಬಾಗಿಲ ಪಕ್ಕದಲ್ಲೇ ಕೂರಿಸಿದ್ದರು. ಸಿಗ್ನಲ್ ಅಳೆಯುವುದು ಡಿಬಿಎಂನಲ್ಲಿ, ಮೈನಸ್ ಮುಂದಿನ ಅಂಕಿ ಹೆಚ್ಚಿದಷ್ಟೂ ಸಿಗ್ನಲ್ ಕ್ಷೀಣ. ಮೊಬೈಲಿನ ವೈಫೈ ಅನಲೈಸರ್ ಆ್ಯಪ್‌ನಲ್ಲಿ 2.4 ಗಿಗಾಹರ್ಟ್ಸ್ ಪಡಸಾಲೆಯಲ್ಲಿ ಮೈನಸ್ 40, ನಡುಮನೆಯಲ್ಲಿ ಮೈನಸ್ 62, ಅಡುಗೆಮನೆಯಲ್ಲಿ ಮೈನಸ್ 85. 5 ಗಿಗಾಹರ್ಟ್ಸ್ ನಡುಮನೆಯಲ್ಲೇ ಮೈನಸ್ 74, ಅಡುಗೆಮನೆಯಲ್ಲಿ ಹೆಸರೂ ಕಾಣುತ್ತಿರಲಿಲ್ಲ. ದೂರವನ್ನೂ ಸೇರಿಸಿ ಒಂದು ಗೋಡೆ ದಾಟಲು 22 ಡಿಬಿ ಹೋಗುತ್ತಿತ್ತು. 20 ಡಿಬಿ ಇಳಿದರೆ ನೂರರಲ್ಲಿ ಒಂದು ಪಾಲು ಉಳಿದಂತೆ, ಎರಡು ಗೋಡೆಗೆ ಹತ್ತು ಸಾವಿರದಲ್ಲಿ ಒಂದು. ಆ್ಯಂಟೆನಾ ನಾಲ್ಕಿರಲಿ ಎಂಟಿರಲಿ, ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ವೈಫೈ ಮುಟ್ಟುವ ಮೊದಲು ಲೈನ್ ಸರಿಯಿದೆಯೋ ನೋಡಬೇಕು. ನಮ್ಮವರು ಹೆಚ್ಚಿನವರು ಬಿಡುವುದು ಇದನ್ನೇ. ಲ್ಯಾಪ್‌ಟಾಪಿನಲ್ಲಿ ಎರಡು ಕಿಟಕಿ ತೆರೆದು ಒಂದರಲ್ಲಿ ನಮ್ಮ ಡಬ್ಬಿಯ ವಿಳಾಸ 192.168.1.1ಕ್ಕೆ, ಇನ್ನೊಂದರಲ್ಲಿ ಹೊರಗಿನ ಗೂಗಲ್ ಸರ್ವರ್ 8.8.8.8ಕ್ಕೆ ಪಿಂಗ್ (ಉತ್ತರ ಬರಲು ಎಷ್ಟು ಹೊತ್ತು ಎಂಬ ಪರೀಕ್ಷೆ) ಬಿಟ್ಟು ಹತ್ತು ನಿಮಿಷ ಕೂರುತ್ತೇನೆ. ಮೊದಲನೆಯದೇ ಎಗರಾಡಿದರೆ ದೋಷ ಮನೆಯೊಳಗಿನ ಗಾಳಿಯಲ್ಲಿ, ಅಂದರೆ ವೈಫೈಯಲ್ಲಿದೆ. ಮೊದಲನೆಯದು 2-3 ಮಿಲಿಸೆಕೆಂಡಿಗೆ ಗಟ್ಟಿಯಾಗಿ ನಿಂತು ಎರಡನೆಯದು ಮಾತ್ರ ಬಿದ್ದರೆ ದೋಷ ಹೊರಗಿನ ಲೈನಿನದು. ಇಲ್ಲಿ ಎರಡೂ ಕೆಟ್ಟಿದ್ದವು, ಅದಕ್ಕೇ ಇಷ್ಟು ದಿನ ಹಿಡಿಯಿತು. ಅಡುಗೆಮನೆಯಿಂದ ಡಬ್ಬಿಗೆ ಪಿಂಗ್ 300-400 ಮಿಲಿಸೆಕೆಂಡ್, ನಡುನಡುವೆ ಟೈಮ್‌ಔಟ್. ಅದರ ಜೊತೆಗೆ ಸಂಜೆ ಹೊತ್ತು ಹೊರಗಿನ ಲೈನೂ ಬೀಳುತ್ತಿತ್ತು.

ಹೊರಗಿನ ದೋಷ ಎರಡು ಕಡೆ ಸಿಕ್ಕಿತು. ಡಬ್ಬಿಯ ಸೆಟ್ಟಿಂಗ್ ಪುಟದಲ್ಲಿ ಆಪ್ಟಿಕಲ್ ಪವರ್ (ಫೈಬರಿನಲ್ಲಿ ಬರುವ ಬೆಳಕಿನ ಬಲ) ಮೈನಸ್ 27.5 ತೋರಿಸುತ್ತಿತ್ತು. ಮನೆಗಳಿಗೆ ಬರುವ ಜಿಪಾನ್ ಬಗೆಯ ಫೈಬರ್ ಲೈನಿನಲ್ಲಿ ಮೈನಸ್ 27 ಅಂದರೆ ಅಂಚು, ಅಲ್ಲಿಂದ ಕೆಳಗೆ ಹೋದಂತೆ ಬೆಳಕು ಸಿಗುತ್ತಿಲ್ಲ ಎನ್ನುವ ಎಲ್‌ಒಎಸ್ ದೀಪ ಕೆಂಪಗೆ ಮಿನುಗಬಹುದು. ಬಾಗಿಲ ಚೌಕಟ್ಟಿನ ಮೂಲೆಯಲ್ಲಿ ಫೈಬರನ್ನು ತೊಂಬತ್ತು ಡಿಗ್ರಿಗೆ ಮಡಚಿ ಮೊಳೆ ಕ್ಲಿಪ್ ಹೊಡೆದಿದ್ದರು. ಕ್ಲಿಪ್ ಕಿತ್ತು, ಬಳೆಯಷ್ಟು ಅಗಲದ ಸುತ್ತು ಬಿಟ್ಟ ಕೂಡಲೇ ಮೈನಸ್ 21ಕ್ಕೆ ಬಂತು. ಖರ್ಚು ಸೊನ್ನೆ. ಕೊಪ್ಪಳದ ಆನೆಗೊಂದಿ ಕಡೆ ಮಂಗಗಳು ಕಂಬದ ತಂತಿಗೆ ಜೋತುಬಿದ್ದಾಗಲೂ ಈ ಅಂಕಿಯೇ ಮೊದಲು ಕುಸಿಯುತ್ತದೆ. ಆದ್ದರಿಂದ ಸರಿಯಿದ್ದ ದಿನದ ಅಂಕಿಯನ್ನು ಡಬ್ಬಿಯ ಮೇಲೆಯೇ ಬರೆದು ಅಂಟಿಸಿಡಿ. ಇನ್ನೊಂದು ದೋಷ ಅಡಾಪ್ಟರಿನದು. ಹೊರೆ ಇಲ್ಲದಾಗ ಮೀಟರ್ 12.1 ವೋಲ್ಟ್ ತೋರಿಸುತ್ತದೆ, ಎಲ್ಲರೂ ಅಲ್ಲಿಗೇ ಸರಿ ಅಂದುಬಿಡುತ್ತಾರೆ. ಡಬ್ಬಿಗೆ ಚುಚ್ಚಿ, ನಾಲ್ಕು ಮೊಬೈಲಿನಲ್ಲಿ ವಿಡಿಯೊ ಓಡಿಸಿ ಅಳೆದಾಗ 10.6ಕ್ಕೆ ಇಳಿಯಿತು. ಒಳಗಿನ ಕೆಪ್ಯಾಸಿಟರ್ ಒಣಗಿರುತ್ತದೆ, ಡಬ್ಬಿ ತಾನೇ ರೀಸ್ಟಾರ್ಟ್ ಆಗುತ್ತದೆ, ನಾವು ವೈಫೈ ಕಟ್ಟಾಯಿತು ಅಂದುಕೊಳ್ಳುತ್ತೇವೆ. 12 ವೋಲ್ಟ್ 2 ಆಂಪಿಯರಿನ ಹೊಸ ಅಡಾಪ್ಟರಿಗೆ ಸುಮಾರು 250 ರೂಪಾಯಿ ಬಿತ್ತು.

ಇನ್ನು ಕಳೆದ ದುಡ್ಡಿನ ಲೆಕ್ಕ. 100ರ ಪ್ಲಾನನ್ನು 300ಕ್ಕೆ ಏರಿಸಿದ್ದರಿಂದ ಅಡುಗೆಮನೆಯಲ್ಲಿ ಒಂದು ಎಂಬಿಪಿಎಸ್ಸೂ ಹೆಚ್ಚಲಿಲ್ಲ. ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ, ಗೋಡೆಗೆ ಚುಚ್ಚುವ ರಿಪೀಟರಿಗೆ 1,600. ಡಬ್ಬದ ಮೇಲೆ 300 ಎಂದಿತ್ತು, ನಡುಮನೆಯಲ್ಲಿಟ್ಟು ಅಡುಗೆಮನೆಯಲ್ಲಿ ಅಳೆದರೆ 12-14 ಸಿಕ್ಕಿತು. ಅದೇ ರೇಡಿಯೊ ಕೇಳಬೇಕು, ಅದೇ ಮತ್ತೆ ಹೇಳಬೇಕು, ಅರ್ಧ ಹೊತ್ತು ಅಲ್ಲೇ ಹೋಯಿತು. ಮೂರು ಡಬ್ಬಿಯ ಮೆಶ್ ಸೆಟ್ಟಿಗೆ ಒಂಬತ್ತು ಸಾವಿರದ ಆಸುಪಾಸು. ಮೆಶ್ ಕೆಟ್ಟ ಸಾಮಾನೇನಲ್ಲ, ಇಟ್ಟಿಗೆ ಗೋಡೆಯ ಮನೆಗೆ ಒಳ್ಳೆಯದೇ. ಆದರೆ ಅದರ ಡಬ್ಬಿಗಳು ತಮ್ಮತಮ್ಮಲ್ಲಿ ಮಾತಾಡುವುದೂ ಆ ಕಲ್ಲಿನ ಮೂಲಕವೇ. ಹಿಂದಿನ ಡಬ್ಬಿಗೆ ಮುಂದಿನದು ಮೈನಸ್ 76ರಲ್ಲಿ ಕೇಳಿಸುತ್ತಿತ್ತು. ಮೊಬೈಲಿನಲ್ಲಿ ಗೆರೆ ತುಂಬಿರುತ್ತದೆ, ನೆಟ್ ಮಾತ್ರ 35-40ರ ಮೇಲೆ ಏರುವುದಿಲ್ಲ. ಅರ್ಧ ಬೆಲೆಗೆ ಮಾರಿಬಿಟ್ಟೆ. ಡಬ್ಬಿಗಳ ನಡುವೆ ತಂತಿ ಎಳೆದರೆ ಮೆಶ್ಶೂ ಓಡುತ್ತದೆ. ತಂತಿಯನ್ನೇ ಎಳೆಯುವುದಾದರೆ ಒಂಬತ್ತು ಸಾವಿರ ಯಾಕೆ?

ಕಲ್ಲು ಕೊರೆಯುವುದು ಹೇಗೆ ಎಂಬ ಭಯಕ್ಕೇ ಜನ ತಂತಿಯ ಕಡೆ ಹೋಗುವುದಿಲ್ಲ. ಮಾಳಿಗೆ ಮನೆಯಲ್ಲಿ ಕೊರೆಯಲೇಬೇಕಿಲ್ಲ. ತೊಲೆ ಗೋಡೆಯ ಮೇಲೆ ಕೂರುವ ಕಡೆ ಅಕ್ಕಪಕ್ಕ ಬರೀ ಮಣ್ಣು ಮೆತ್ತಿರುತ್ತಾರೆ. ಮೂರಡಿಯ ಸರಳನ್ನು ಕೈಯಲ್ಲೇ ತಿರುಗಿಸುತ್ತ ತಳ್ಳಿದರೆ ಅರ್ಧ ಗಂಟೆಯಲ್ಲಿ ಆಚೆ ಬರುತ್ತದೆ. ಡ್ರಿಲ್ ಹಚ್ಚಬೇಡಿ, ಅದರ ಅದುರಿಗೆ ಮೇಲಿನ ಮಣ್ಣು ಉದುರಲು ಶುರುವಾದರೆ ನಿಲ್ಲುವುದಿಲ್ಲ. ಆ ಸಂದಿನಲ್ಲಿ ಮುಕ್ಕಾಲಿಂಚಿನ ಪಿವಿಸಿ ಪೈಪು ಕೂರಿಸಿ ಅದರೊಳಗೆ ತಂತಿ ಬಿಟ್ಟಿದ್ದೇನೆ, ಯಾಕೆಂದರೆ ಜಂತಿಯಲ್ಲಿ ಇಲಿ ಇದ್ದೇ ಇರುತ್ತವೆ. ಸಂದು ಒಳಗೆ ಸೊಟ್ಟಗಿದ್ದಾಗ ಪೈಪು ಸಿಕ್ಕಿಕೊಳ್ಳದ ಹಾಗೆ ದಾಟಿಸಲು ಒಂದು ಉಪಾಯವಿದೆ. ಅದು ನನ್ನ ಕೈಕಸುಬು, ಇಲ್ಲಿ ಬಿಚ್ಚುವುದಿಲ್ಲ. ತಂತಿಯ ತುದಿಗೆ ಬರುವ ಆರ್‌ಜೆ45 ಪ್ಲಗ್ಗನ್ನು ತಂತಿ ಎಳೆದಾದ ಮೇಲೆಯೇ ಕ್ರಿಂಪ್ ಮಾಡಬೇಕು (ಒತ್ತಿ ಕೂರಿಸಬೇಕು). ಕರೆಂಟ್ ವೈರಿನ ಜೊತೆ ಒಂದೇ ಪೈಪಿನಲ್ಲಿ ಹಾಕಬಾರದು, ಒಂದಡಿ ದೂರವಿರಲಿ, ದಾಟುವ ಕಡೆ ಅಡ್ಡಡ್ಡ ದಾಟಲಿ.

ತಂತಿಯಲ್ಲೂ ಒಮ್ಮೆ ಮೋಸಹೋದೆ. ಮೀಟರಿಗೆ 9 ರೂಪಾಯಿಯದು ತಂದಿದ್ದೆ, ಮೇಲೆ ಕ್ಯಾಟ್ 6 (ಗಿಗಾಬಿಟ್ ವೇಗ ಹೊರುವ ನೆಟ್ ತಂತಿಯ ದರ್ಜೆ) ಎಂದೇ ಅಚ್ಚಾಗಿತ್ತು. ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ, ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ. ಎರಡು ಸಲ ಮಡಚಿದರೆ ಒಳಗೇ ಮುರಿಯುತ್ತದೆ. ಆಗ ಲಿಂಕ್ ಗಿಗಾಬಿಟ್ಟಿನಿಂದ, ಅಂದರೆ 1000 ಎಂಬಿಪಿಎಸ್ಸಿನಿಂದ, 100ಕ್ಕೆ ಇಳಿದು ಸ್ಪೀಡ್ ಟೆಸ್ಟ್ ಸರಿಯಾಗಿ 94ರ ಹತ್ತಿರ ನಿಲ್ಲುತ್ತದೆ. 93-94 ಕಂಡ ಕೂಡಲೇ ಕಂಪನಿಗೆ ಫೋನ್ ಹಚ್ಚಬೇಡಿ, ಪ್ಲಗ್ ನೋಡಿ. 1, 2, 3, 6ನೇ ಎಳೆ ಸರಿಯಿದ್ದರೆ ಸಾಕು, 100 ಓಡುತ್ತದೆ. ಗಿಗಾಬಿಟ್ಟಿಗೆ ಎಂಟೂ ಬೇಕು. ಕಡಿದದ್ದು ಬಹಳ ಸಲ ನೀಲಿ ಅಥವಾ ಕಂದು ಜೋಡಿಯೇ. ಅಪ್ಪಟ ತಾಮ್ರದ್ದು ಮೀಟರಿಗೆ 24-25 ಬಿತ್ತು, 18 ಮೀಟರ್ ಹಿಡಿಯಿತು.

ತಂತಿಯ ಹಿಂದಿನ ತುದಿಗೆ, ಅಡುಗೆಮನೆಯ ಕಡೆಗೆ, ಒಂದು ಹಳೇ ರೂಟರ್. ಮೊದಲು ತಂದದ್ದು 450 ರೂಪಾಯಿಯ ಸೆಕೆಂಡ್ ಹ್ಯಾಂಡ್, ಡ್ಯುಯಲ್ ಬ್ಯಾಂಡ್ 1200 ಎಂದು ಬರೆದಿತ್ತು. ಅದರ ಲ್ಯಾನ್ ಪೋರ್ಟ್ (ಮನೆಯೊಳಗಿನ ತಂತಿ ಚುಚ್ಚುವ ಕಿಂಡಿ) ಮಾತ್ರ 100ರದ್ದು, ಮತ್ತೆ ಅದೇ 94. ಹೀಗೆ ಗಾಳಿಯಲ್ಲಿ ವೇಗ ಇದ್ದು ಪೋರ್ಟಿನಲ್ಲಿ ಇಲ್ಲದ ರೂಟರುಗಳು ಬೇಕಾದಷ್ಟಿವೆ. ಗಿಗಾಬಿಟ್ ಪೋರ್ಟಿನದು 900ಕ್ಕೆ ಸಿಕ್ಕಿತು. ಹೊಂದಿಸುವ ಕ್ರಮ ಇಷ್ಟೇ: ರೀಸೆಟ್, ವಿಳಾಸ 192.168.1.2, ಮೊಬೈಲುಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್, ತಂತಿ ಲ್ಯಾನಿನಿಂದ ಲ್ಯಾನಿಗೆ, ಹೊರಗಿನ ಲೈನಿಗೆಂದಿರುವ ವ್ಯಾನ್ ಪೋರ್ಟ್ ಖಾಲಿ. ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಅರ್ಧ ಮೊಬೈಲುಗಳು ವೈಫೈಗೆ ಕೂಡುತ್ತವೆ, ನೆಟ್ ಬರುವುದಿಲ್ಲ, ಮತ್ತು ಯಾವ ಅರ್ಧ ಅನ್ನುವುದು ದಿನಾ ಬದಲಾಗುತ್ತದೆ. ಎರಡೂ ಡಬ್ಬಿಗಳ ನಡುವೆ ಗೊತ್ತಾಗದೆ ಎರಡು ತಂತಿ ಚುಚ್ಚಿದರೆ ಲೂಪ್, ಅದೇ ಮಾಹಿತಿ ಸುತ್ತುತ್ತಲೇ ಇರುತ್ತದೆ. ದೀಪಗಳೆಲ್ಲ ಒಂದೇ ತಾಳದಲ್ಲಿ ಮಿನುಗಿ ಮನೆಯಿಡೀ ಬಂದ್.

ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಮೂರೂ ಎರಡೂ ಕಡೆ ಒಂದೇ ಇಟ್ಟೆ. 2.4ರಲ್ಲಿ ಮುಂದೆ ಚಾನೆಲ್ 1, ಹಿಂದೆ 11, ಅಗಲ 20 ಮೆಗಾಹರ್ಟ್ಸ್. 40 ಇಟ್ಟರೆ ಓಣಿಯ ಅಷ್ಟೂ ಮನೆಗಳ ಗದ್ದಲ ನಮ್ಮೊಳಗೆ. 5ರಲ್ಲಿ ಮುಂದೆ 36, ಹಿಂದೆ 149, ಅಗಲ 80. ಆಟೊ ಬಿಟ್ಟಿದ್ದಾಗ ಡಬ್ಬಿ 52ರ ಮೇಲಿನ ಚಾನೆಲಿಗೆ ಹೋಗಿ ಕೂರುತ್ತಿತ್ತು. 52ರಿಂದ 144ರವರೆಗಿನವು ರೇಡಾರ್ ಜೊತೆ ಹಂಚಿಕೊಂಡ ಚಾನೆಲುಗಳು. ರೇಡಾರಿನಂಥ ಸದ್ದು ಕೇಳಿಸಿದರೆ ಡಬ್ಬಿ ಆ ಚಾನೆಲ್ ಬಿಟ್ಟೇಳಬೇಕು, ಮತ್ತೆ ಅಂಥದ್ದೊಂದರಲ್ಲಿ ಕೂರುವ ಮೊದಲು ಕನಿಷ್ಠ ಒಂದು ನಿಮಿಷ ಸುಮ್ಮನೆ ಕಿವಿಗೊಟ್ಟಿರಬೇಕು. ಮೊಬೈಲಿನಲ್ಲಿ 5ರ ಹೆಸರು ಮಾಯವಾಗಿ ಮತ್ತೆ ಹುಟ್ಟುವುದು ಎಷ್ಟೋ ಸಲ ಇದರಿಂದಲೇ.

ಆಮೇಲೂ ಒಂದು ತೊಡಕು ಉಳಿಯಿತು. ಪಡಸಾಲೆಯಿಂದ ಅಡುಗೆಮನೆಗೆ ನಡೆದು ಹೋದರೆ ಮೊಬೈಲು ಪಡಸಾಲೆಯ ಡಬ್ಬಿಯನ್ನೇ ಹಿಡಿದುಕೊಂಡಿರುತ್ತಿತ್ತು. ಬೇರೆ ಡಬ್ಬಿ ಹುಡುಕುವುದು ಮೊಬೈಲಿನ ಕೆಲಸ, ರೂಟರಿನದಲ್ಲ. ಐಫೋನ್ ಮೈನಸ್ 70ಕ್ಕೆ ಇಳಿದಾಗ ಹುಡುಕಲು ಶುರುಮಾಡುತ್ತದೆ ಎಂದು ಆಪಲ್ಲೇ ಹೇಳಿದೆ, ಉಳಿದವು ಒಂದೊಂದು ಒಂದೊಂದು ಥರ. ಎಲ್ಲರೂ ಪವರ್ ಏರಿಸುತ್ತಾರೆ, ನಾನು ಮುಂದಿನ ಡಬ್ಬಿಯ 2.4ರ ಪವರ್ ಇಳಿಸಿದೆ. ನಡುಮನೆಯ ಬಾಗಿಲು ದಾಟುವಷ್ಟರಲ್ಲಿ ಅದು ಮೈನಸ್ 75ಕ್ಕೆ ಬೀಳಬೇಕು, ಆಗ ಮೊಬೈಲು ತಾನಾಗಿ ಹಾರುತ್ತದೆ. ಎರಡು ಡಬ್ಬಿಗೂ ಎಷ್ಟೆಷ್ಟು ಇಟ್ಟೆ ಅನ್ನುವುದನ್ನು ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಬಾಗಿಲಲ್ಲಿ ನಿಂತು ಎರಡು ಸಂಜೆ ಅಳೆದರೆ ನಿಮ್ಮ ಮನೆಯದು ನಿಮಗೇ ಸಿಗುತ್ತದೆ.

ಅಳೆಯುವ ಸಾಧನ ಕೈಯಲ್ಲಿದ್ದುದರಿಂದ ಬೇರೆಯವನ್ನೂ ಪರೀಕ್ಷಿಸಿದೆ. ಕಿಟಕಿಗೆ ಕೂರಿಸಿದ ತಗಡಿನ ಏರ್ ಕೂಲರ್ ದಾರಿಗೆ ಅಡ್ಡ ಬಂದರೆ 8-10 ಡಿಬಿ ಹೋಗುತ್ತದೆ. ನೀರು ಕುಡಿದ ಹುಲ್ಲಿನ ಪ್ಯಾಡಿನದೇ ತಪ್ಪು ಅಂದುಕೊಂಡಿದ್ದೆ. ಪ್ಯಾಡ್ ಒಣಗಿದ್ದಾಗಲೂ ಅಳೆದೆ, 2-3ರಷ್ಟೇ ವ್ಯತ್ಯಾಸ. ತಡೆಯುವುದು ತಗಡಿನ ಮೈ. ಡಬ್ಬಿಯ ಹಿಂದೆ ಊಟದ ಸ್ಟೀಲ್ ತಾಟು ನಿಲ್ಲಿಸಿದರೆ ಎದುರಿಗೆ 3-4 ಡಿಬಿ ಏರುತ್ತದೆ, ಆದರೆ ಒಂದು ಗೇಣು ಸರಿದರೆ ಲೆಕ್ಕ ತಲೆಕೆಳಗು, ನಂಬುವಂಥದ್ದಲ್ಲ. ನೆಲಕ್ಕೆ ಹಾಸುವ ಶಹಾಬಾದ್ ಪರ್ಸಿ ಕಲ್ಲು ಒಂದೇ ಹಾಸು ಅಡ್ಡ ಹಿಡಿದರೆ ಹೆಚ್ಚೇನೂ ಆಗುವುದಿಲ್ಲ. ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ರೂಟರಿಗೆ ಅಂಟಿದಂತಿದ್ದರೆ 2.4 ಸೊರಗುತ್ತದೆ. ಉದ್ದದ ಕೇಬಲ್ ಹಾಕಿ ಮೂರಡಿ ದೂರ ಸರಿಸಿದರೆ ಸರಿ.

ಬೇಸಿಗೆಯದು ನಮ್ಮ ಕಡೆಯ ವಿಶೇಷ. ಮನೆಬಳಕೆಯ ರೂಟರುಗಳ ಚೀಟಿಯಲ್ಲಿ 0ಯಿಂದ 40 ಡಿಗ್ರಿ ಎಂದು ಬರೆದಿರುತ್ತದೆ. ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್-ಮೇ ಬಂತೆಂದರೆ ನೆರಳೇ 40 ದಾಟುತ್ತದೆ, ಆರ್‌ಸಿಸಿ ಛಾವಣಿಯ ಕೆಳಗಿನ ಅಟ್ಟದ ಮಾತು ಕೇಳಬೇಡಿ. ಹಿಂದಿನ ರೂಟರನ್ನು ಮೊದಲು ಆರ್‌ಸಿಸಿ ಕೋಣೆಯ ಅಟ್ಟದಲ್ಲಿಟ್ಟಿದ್ದೆ. ಮಧ್ಯಾಹ್ನ ಎರಡಕ್ಕೆ 280ರಿಂದ 60ಕ್ಕೆ ಬಿತ್ತು, ಮುಟ್ಟಿದರೆ ಚುರುಕ್ ಎನ್ನುತ್ತಿತ್ತು. ಅದನ್ನು ಅಡುಗೆಮನೆಯ ಕಲ್ಲುಗೋಡೆಗೆ, ಎದೆಮಟ್ಟಕ್ಕೆ, ಒಲೆಯಿಂದ ದೂರ, ಬೆನ್ನಿಗೆ ಒಂದಿಂಚು ಗಾಳಿ ಆಡುವಂತೆ ತೂಗುಹಾಕಿದೆ. ಆ ಕಲ್ಲು ಮಧ್ಯಾಹ್ನವೂ ತಣ್ಣಗಿರುತ್ತದೆ. ಸಂಡೂರು, ತೋರಣಗಲ್ಲು ಕಡೆಯವರು ಇನ್ನೊಂದು ನೋಡಿಕೊಳ್ಳಬೇಕು: ಅದಿರಿನ ಕೆಂಪು ಧೂಳು ಜಾಲರಿಯ ಕಿಂಡಿ ಮುಚ್ಚುತ್ತದೆ. ತಿಂಗಳಿಗೊಮ್ಮೆ ಒಣ ಬ್ರಷ್ ಆಡಿಸಿ, ಒದ್ದೆ ಬಟ್ಟೆ ಬೇಡ.

ಗೆದ್ದ ವ್ಯವಸ್ಥೆಗೆ ಬಿದ್ದದ್ದು ತಂತಿಗೆ 450, ರೂಟರಿಗೆ 900, ಅಡಾಪ್ಟರ್ 250, ಪೈಪು ಪ್ಲಗ್ಗು ನೂರೈವತ್ತು. ಎಲ್ಲ ಸೇರಿ 1,750ರ ಸುತ್ತಮುತ್ತ. ಕ್ರಿಂಪರ್, ಟೆಸ್ಟರ್ ಇದ್ದವು, ಇಲ್ಲದವರಿಗೆ ಇನ್ನೂ ಐನೂರು. ಕರೆಂಟ್ ಹೋದಾಗ ಎರಡೂ ಡಬ್ಬಿ ನಿಲ್ಲದಿರಲೆಂದು 12 ವೋಲ್ಟಿನ ಮಿನಿ ಯುಪಿಎಸ್ ಎರಡು ಹಾಕಿದೆ, ಒಂದೊಂದಕ್ಕೆ 1,300. ಒಂದನ್ನೇ ಹಾಕಿ ಮುಂದಿನದನ್ನು ಮಾತ್ರ ಉಳಿಸಿದರೆ ಅಡುಗೆಮನೆ ಮತ್ತೆ ಮೈನಸ್ 85ಕ್ಕಿಂತಲೂ ಕೆಳಗೆ ಹೋಗುತ್ತದೆ, ಮುಂದಿನದರ ಪವರ್ ಇಳಿಸಿದ್ದೇನಲ್ಲ.

ಇನ್ನು ಉಳಿದದ್ದು ಹಿತ್ತಲಿನ ತಗಡಿನ ಶೆಡ್. ಬಾಗಿಲು ಮುಚ್ಚಿದರೆ ಒಳಗೆ ಮೈನಸ್ 78. ಅಲ್ಲಿಗೆ ಬಯಲಲ್ಲಿ ತಾಮ್ರದ ತಂತಿ ಎಳೆಯುವುದಿಲ್ಲ, ಮುಂಗಾರಿನ ಮೊದಲ ಸಿಡಿಲಿಗೆ ಎರಡೂ ತುದಿಯ ಪೋರ್ಟ್ ಸುಟ್ಟುಹೋಗುತ್ತವೆ. ತಾಮ್ರದ ತಂತಿಯ ಸಿಗ್ನಲ್ಲನ್ನು ಫೈಬರಿಗೆ, ಫೈಬರಿನದನ್ನು ತಾಮ್ರಕ್ಕೆ ಬದಲಿಸುವ ಒಂದು ಜೊತೆ ಮೀಡಿಯಾ ಕನ್ವರ್ಟರ್ ತಂದು ಶೆಡ್ಡಿನವರೆಗೆ ಉಕ್ಕಿನ ತಂತಿಯಿಲ್ಲದ ಫೈಬರನ್ನೇ ಎಳೆಯುತ್ತೇನೆ.