ಹೆಗಲ ಮೇಲೆ ಹೋಗುವ ಸ್ಟಾಲ್: ಬಟ್ಟೆ ಪಾಪ್‌ಅಪ್ ಜೊತೆ ನನ್ನ ಅನುಭವ

ಹೋದ ನವೆಂಬರ್‌ನಲ್ಲಿ ಬೆಂಗಳೂರಿನ ಜಿಕೆವಿಕೆ ಕೃಷಿ ಮೇಳಕ್ಕೆ ನಾನೊಬ್ಬನೇ ಹೋಗಿ ಸ್ಟಾಲ್ ಹಾಕಿದೆ. ನನ್ನ ಬಟ್ಟೆ ಪಾಪ್‌ಅಪ್, ಅಂದರೆ ಮಡಚುವ ಫ್ರೇಮಿಗೆ ಪ್ರಿಂಟ್ ಹಾಕಿದ ಬಟ್ಟೆ ಅಂಟಿಸಿದ ಹಿನ್ನೆಲೆ, ಎದ್ದು ನಿಲ್ಲೋಕೆ ಹಿಡಿದದ್ದು ಆರೇಳು ನಿಮಿಷ. ಬೆಲ್ಲ ಜೋಡಿಸಿ ಲೈಟ್ ಹಾಕಿ ಮುಗಿಸಿದಾಗ ಪಕ್ಕದವರು ಇನ್ನೂ ಫ್ಲೆಕ್ಸ್ ಕಟ್ಟೋಕೆ ದಾರ ಹುಡುಕುತ್ತಿದ್ದರು. ಮೂರು ವರ್ಷದ ಹಿಂದೆ "ಬೆಲ್ಲ ಮಾರೋನಿಗೆ ಇದೆಲ್ಲ ಯಾಕಪ್ಪ, ಒಂದು ಫ್ಲೆಕ್ಸ್ ಸಾಲದಾ?" ಅಂದಿದ್ದ ನಮ್ಮ ಭಾವ ಅವತ್ತು ಮಧ್ಯಾಹ್ನ ಬಂದರು. ಫ್ರೇಮ್ ಹಿಂದೆಲ್ಲ ಬಗ್ಗಿ ನೋಡಿ, "ನಮ್ಮ ಸಂಘಕ್ಕೂ ಒಂದು ಮಾಡಿಸಿಕೊಡು" ಅಂದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮಂಡ್ಯದ ಹತ್ತಿರ ಸಣ್ಣ ಆಲೆಮನೆ. ಅಚ್ಚು ಬೆಲ್ಲ, ಪುಡಿ ಬೆಲ್ಲ, ಜೋನಿ ಬೆಲ್ಲ ಮಾಡುತ್ತೇವೆ. ಕೊಳೆ ತೆಗೆಯೋಕೆ ಬೆಂಡೆ ಗಿಡದ ಲೋಳೆ ಮತ್ತು ಸುಣ್ಣ, ಅಷ್ಟೇ. ವರ್ಷಕ್ಕೆ ಏಳೆಂಟು ಮೇಳಕ್ಕೆ ಹೋಗುತ್ತೇವೆ: ಮಂಡ್ಯದ ವಿ.ಸಿ. ಫಾರಂ, ಸುತ್ತೂರು ಜಾತ್ರೆ, ಬೆಂಗಳೂರಿನ ಅರಮನೆ ಮೈದಾನ, ಒಮ್ಮೊಮ್ಮೆ ತುಮಕೂರು ರಸ್ತೆಯ ಬಿಐಇಸಿ ವಸ್ತುಪ್ರದರ್ಶನ ಕೇಂದ್ರ. ಹಾಲ್ ಒಳಗಿನ ಮೇಳದಲ್ಲಿ ಬಿಳಿ ಪ್ಯಾನೆಲ್ ಸ್ಟಾಲ್ ಸಿಗುತ್ತೆ, ಅದಕ್ಕೆ ಮೊಳೆ ಹೊಡೆಯೋ ಹಾಗಿಲ್ಲ. ಬಯಲಿನ ಮೇಳದಲ್ಲಿ ಪೆಂಡಾಲ್, ಕೆಳಗೆ ಮಣ್ಣು, ಮೇಲೆ ಗಾಳಿ. ಎರಡಕ್ಕೂ ಒಂದೇ ಸಾಮಾನು ಆಗಬೇಕು. ಕಷ್ಟ ಇರೋದು ಇಲ್ಲೇ.

ಮೊದಲು ಮೂರು ಸ್ಟ್ಯಾಂಡಿ (ಸುರುಳಿಯಿಂದ ಎಳೆದು ನಿಲ್ಲಿಸುವ ಬ್ಯಾನರ್) ತಂದೆ. ಒಂದೊಂದಕ್ಕೆ ಸಾವಿರದ ಇನ್ನೂರರ ಆಸುಪಾಸು. ಎಂಟು ಹತ್ತು ಸಲ ಎಳೆದು ಬಿಡುವಷ್ಟರಲ್ಲಿ ಎರಡರ ಸ್ಪ್ರಿಂಗ್ ಸತ್ತಿತು, ಅಂಚು ಸುರುಳಿ ಸುತ್ತಿತು.

ಆಮೇಲೆ ಬೆಂಗಳೂರಿನ ಅಂಗಡಿಯೊಂದರಲ್ಲಿ ಬಾಗಿದ ಪಾಪ್‌ಅಪ್ ತಗೊಂಡೆ. ಮ್ಯಾಗ್ನೆಟ್ ಪಟ್ಟಿಗೆ ಪಿವಿಸಿ ಪ್ಯಾನೆಲ್ ಅಂಟುವ ಜಾತಿ. ಹದಿನೇಳು ಸಾವಿರ ಕೊಟ್ಟೆ ಅಂತ ನೆನಪು. ಅದರ ಚಕ್ರದ ಡಬ್ಬಿಯೇ ಕೌಂಟರ್ ಆಗುತ್ತೆ ಅಂತ ಅಂಗಡಿಯವರು ತೋರಿಸಿದಾಗ ಮನಸೋತೆ. ನೋಡೋಕೆ ನಿಜವಾಗ್ಲೂ ಚೆಂದ. ಆದರೆ ತುಂಬಿದ ಡಬ್ಬಿ ಮೂವತ್ತು ಕೆಜಿ ಹತ್ತಿರ. ಬಸ್ಸಿಗೆ ಹತ್ತಿಸೋಕೆ ಇಬ್ಬರು ಬೇಕು. ಪ್ರತಿ ಸಲ ಲಗೇಜ್ ಆಟೊ ಮಾಡಿದರೆ ಬೆಂಗಳೂರಿಗೆ ಹೋಗಿ ಬರೋಕೆ ನಾಲ್ಕೈದು ಸಾವಿರ. ಎರಡು ದಿನದ ಮೇಳದಲ್ಲಿ ಉಳಿಯೋ ದುಡ್ಡೇ ಅಷ್ಟು, ಅಲ್ವಾ? ಇನ್ನು ಬಾಗಿದ ಫ್ರೇಮ್ ಎರಡೂವರೆ ಅಡಿ ಆಳ ನುಂಗುತ್ತೆ. ಎರಡು ಮೀಟರ್ ಆಳದ ಸ್ಟಾಲ್‌ನಲ್ಲಿ ಮೇಜು ಇಟ್ಟ ಮೇಲೆ ನಾನು ನಿಲ್ಲೋಕೆ ಜಾಗವಿರಲಿಲ್ಲ.

ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಡಬ್ಬಿಯನ್ನು ಕಾರಲ್ಲೇ ಬಿಟ್ಟಿದ್ದೆ. ಪ್ಯಾನೆಲ್ ಹಿಂದಿನ ಮ್ಯಾಗ್ನೆಟ್ ಟೇಪು ಕಿತ್ತು ಬಂತು, ಒಂದು ಪ್ಯಾನೆಲ್ ಸೊಟ್ಟ ಆಯಿತು. ಅದೊಂದನ್ನೇ ಮತ್ತೆ ಪ್ರಿಂಟ್ ಹಾಕಿಸಿದರೆ ಬಣ್ಣ ಉಳಿದವುಗಳ ಜೊತೆ ಕೂಡಲಿಲ್ಲ. "ಬೆಲ್ಲ" ಅನ್ನೋ ಪದದ "ಬೆ" ಒಂದು ಬಣ್ಣ, "ಲ್ಲ" ಇನ್ನೊಂದು ಬಣ್ಣ. ಕೊನೆಗೆ ಅರ್ಧ ಬೆಲೆಗೂ ಕಮ್ಮಿಗೆ ಮಾರಿದೆ.

ನಡುವೆ ಸ್ವಂತ ಪ್ರಯೋಗವೂ ಆಯಿತು. ಒಂದಿಂಚಿನ ಪಿವಿಸಿ ಪೈಪು, ಎಲ್ಬೋ ತಂದು ಎಂಟಡಿ ಚೌಕಟ್ಟು ಕಟ್ಟಿದೆ. ನಮ್ಮ ಟೈಲರ್ ಹತ್ತಿ ಬಟ್ಟೆಯಲ್ಲಿ ಗವಸು ಹೊಲಿದುಕೊಟ್ಟರು. ಎಲ್ಲಾ ಸೇರಿ ಎರಡೂವರೆ ಸಾವಿರದೊಳಗೆ ಮುಗೀತು. ಮೇಲಿನ ಪೈಪು ನಡುವೆ ಜೋತು ಬಿತ್ತು, ಹತ್ತಿ ಬಟ್ಟೆ ಮಡಿಕೆ ಬಿಡಲೇ ಇಲ್ಲ. ಆದರೆ ಬಟ್ಟೆ ಮೇಲೆ ಲೈಟ್ ಬಿದ್ದರೆ ಪಿವಿಸಿ ಥರ ಕಣ್ಣಿಗೆ ಹೊಡೆಯಲ್ಲ ಅನ್ನೋದು ಅವತ್ತೇ ಗೊತ್ತಾಯಿತು. ಬಟ್ಟೆ ಪಾಪ್‌ಅಪ್ ಕಡೆ ನಾನು ತಿರುಗಿದ್ದು ಆ ಎರಡೂವರೆ ಸಾವಿರದಿಂದ.

ಈಗಿರೋದು ನೇರ ಫ್ರೇಮ್, ಮೂರು ಮನೆ (ಕಡ್ಡಿಗಳ ನಡುವಿನ ಚೌಕ) ಅಗಲ, ಮೂರು ಮನೆ ಎತ್ತರ. ಏಳೂವರೆ ಅಡಿಗೆ ಏಳೂವರೆ ಅಡಿ. ಹಿಗ್ಗುವ ಪಾಲಿಯೆಸ್ಟರ್ ಬಟ್ಟೆ ಫ್ರೇಮ್‌ಗೆ ವೆಲ್ಕ್ರೋದಲ್ಲಿ ಅಂಟಿಕೊಂಡೇ ಇರುತ್ತೆ, ಮಡಚುವಾಗ ಬಿಚ್ಚೋದೇ ಬೇಡ. ಎಳೆದು ಕೊಕ್ಕೆ ಹಾಕಿದರೆ ಬಟ್ಟೆಯ ಸುಕ್ಕು ತಾನಾಗಿ ಹೋಗುತ್ತೆ. ಆಳ ಒಂದು ಅಡಿ, ಚೀಲ ಸಮೇತ ಹನ್ನೆರಡು ಕೆಜಿ ಇರಬಹುದು. ಮಂಡ್ಯದಿಂದ ರೈಲಿನಲ್ಲಿ ಹೆಗಲಿಗೆ ಹಾಕಿಕೊಂಡು ಹೋಗುತ್ತೇನೆ. ಬೆಲ್ಲ ಮಾತ್ರ ಹಿಂದಿನ ದಿನ ಪಾರ್ಸಲ್‌ನಲ್ಲಿ ಹೋಗುತ್ತೆ.

ನಾಲ್ಕು ಮನೆ ಅಗಲದ್ದು, ಅಂದರೆ ಹತ್ತಡಿಯದ್ದು ತಗೊಳ್ಳಿ ಅಂತ ಅಂಗಡಿಯವರು ಬಹಳ ಒತ್ತಾಯ ಮಾಡಿದರು. ಹಾಲ್ ಒಳಗಿನ ಸ್ಟಾಲ್ ಅಗಲ ಮೂರು ಮೀಟರ್, ಅಂದರೆ 9 ಅಡಿ 10 ಇಂಚು. ಅದರಲ್ಲಿ ಎರಡೂ ಕಡೆ ಕಂಬದ ದಪ್ಪ ಕಳೆಯಿರಿ. ಹತ್ತಡಿ ಫ್ರೇಮ್ ಒಳಗೆ ಕೂರೋದಾದರೂ ಹೇಗೆ? ಏಳೂವರೆ ಅಡಿಯದ್ದರ ಪಕ್ಕದಲ್ಲಿ ಒಂದೂವರೆ ಎರಡು ಅಡಿ ಸಂದು ಉಳಿಯುತ್ತೆ. ಖಾಲಿ ಬಾಕ್ಸು, ನೀರಿನ ಬಾಟ್ಲು, ಊಟದ ಬ್ಯಾಗು ಎಲ್ಲಾ ಅದರ ಹಿಂದೆ.

ಅಂಗಡಿಯಲ್ಲೇ ಹತ್ತು ಸಲ ಬಿಚ್ಚಿ ಮುಚ್ಚಿ ನೋಡಿದೆ. ಅವರಿಗೆ ಬೇಜಾರಾಯಿತು, ಆಗಲಿ. ಕಡ್ಡಿಗಳು ಕೂಡುವ ಗಂಟಿನಲ್ಲಿ ಎಳೆದು ನೋಡಬೇಕು. ಮೊದಲು ಮುರಿಯೋದು ಅದೇ. ಆ ಗಂಟು ಬಿಡಿಯಾಗಿ ಸಿಗುತ್ತಾ ಅಂತ ಕೇಳಿ, ನಾಲ್ಕು ಜಾಸ್ತಿ ಈಸ್ಕೊಂಡೆ. ಇದುವರೆಗೆ ಎರಡು ಖರ್ಚಾಗಿವೆ. ಫ್ರೇಮ್‌ಗೆ ಒಂಬತ್ತು ಸಾವಿರ, ಬಟ್ಟೆ ಪ್ರಿಂಟ್‌ಗೆ ಆರು ಆರೂವರೆ ಸಾವಿರ. ಮುಂದೆ ಬಟ್ಟೆ ಮಾತ್ರ ಬದಲಿಸಿದರೆ ಸಾಕು. ಇಪ್ಪತ್ತು ಮೇಳಕ್ಕೂ ಜಾಸ್ತಿ ಆಗಿದೆ, ಆಟೊ ಬಾಡಿಗೆ ಉಳಿದದ್ದರಲ್ಲೇ ಅಸಲು ಯಾವತ್ತೋ ಬಂತು.

ಎಲ್ಲಕ್ಕಿಂತ ತಲೆನೋವು ಕೊಟ್ಟಿದ್ದು ಬಣ್ಣ. ನಮ್ಮ ಅಚ್ಚು ಬೆಲ್ಲದ ಫೋಟೊ ದೊಡ್ಡದಾಗಿ ಹಾಕಿಸಿದ್ದೆ. ಪ್ರಿಂಟ್ ಹಾಕುವ ಹುಡುಗ ಚೆನ್ನಾಗಿ ಕಾಣಲಿ ಅಂತ ಹೊಳಪು ಏರಿಸಿಬಿಟ್ಟಿದ್ದ. ಬೆಲ್ಲ ಚಿನ್ನದ ಹಳದಿಯಾಗಿ ಬಂತು. ಸುತ್ತೂರಿನಲ್ಲಿ ಒಬ್ಬ ಅಜ್ಜಿ ಸೊಸೆಯ ಕೈ ಹಿಡಿದು ನಿಂತರು. ಮೊದಲು ಬಟ್ಟೆ ಮೇಲಿನ ಬೆಲ್ಲ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. "ಹೈಡ್ರೋಸ್ ಹಾಕಿರೋದು ಕಣೇ, ಬಾ" ಅಂತ ಹೊರಟೇಬಿಟ್ಟರು. ಬೆಲ್ಲಕ್ಕೆ ಹಳದಿ ಬರಿಸೋಕೆ ಹಾಕುವ ರಾಸಾಯನಿಕ ಅದು. ಮೇಜಿನ ಮೇಲೆ ಕಂದು ಬೆಲ್ಲ ಎದುರಿಗೇ ಇತ್ತು, ಅದರ ಮೇಲೆ ಅವರ ಕಣ್ಣೇ ಬೀಳಲಿಲ್ಲ. ಇಷ್ಟು ವರ್ಷ ಹೈಡ್ರೋಸ್ ಮುಟ್ಟದೆ ಬೆಲ್ಲ ಕಾಯಿಸಿದವನಿಗೆ ಆ ಮಾತು ಎಷ್ಟು ಚುಚ್ಚಿತು ಅಂತ ನಿಮಗೆ ಗೊತ್ತಾಗುತ್ತೆ.

ಎರಡನೇ ಸಲ ಒಂದಡಿ ಚೌಕದ ತುಂಡುಗಳನ್ನು ಮೊದಲು ಪ್ರಿಂಟ್ ಹಾಕಿಸಿದೆ. ಅದೇ ಬಟ್ಟೆ, ಅದೇ ಮೆಷಿನ್. ಪಕ್ಕದಲ್ಲಿ ನಿಜವಾದ ಅಚ್ಚು ಇಟ್ಟು, ಸ್ಟಾಲ್‌ಗೆ ಹಾಕುವ ಎಲ್‌ಇಡಿ ಲೈಟ್‌ನಲ್ಲೇ ನೋಡಿದೆ. ಮೂರನೇ ತುಂಡಿಗೆ ಬಣ್ಣ ಕೂಡಿತು. ಹಳದಿ ಎಷ್ಟು ಇಳಿಸಿದೆ, ಯಾರ ಹತ್ತಿರ ಹಾಕಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಅಕ್ಷರದ್ದು ಇನ್ನೊಂದು ಕಥೆ. ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲ್ ಅವರ ಕಂಪ್ಯೂಟರಿನಲ್ಲಿ ತೆರೆದರೆ ಒತ್ತಕ್ಷರವೆಲ್ಲ ಎಲ್ಲೆಲ್ಲೋ ಹೋಗಿತ್ತು. ಈಗ ಅಕ್ಷರವನ್ನೆಲ್ಲ ಕರ್ವ್ ಮಾಡಿಸಿ, ಅಂದರೆ ಗೆರೆಯ ಚಿತ್ರವಾಗಿ ಬದಲಿಸಿಯೇ ಕಳಿಸುತ್ತೇನೆ, ಬೇರೆ ಯಾರದ್ದೋ ಕಂಪ್ಯೂಟರಿನಲ್ಲಿ ಒಮ್ಮೆ ತೆರೆದು ನೋಡುತ್ತೇನೆ. ಕೆಳಗಿನ ಮೂರಡಿಯಲ್ಲಿ ಏನೂ ಬರೆಸಬೇಡಿ. ಅಲ್ಲಿ ಮೇಜು, ನಿಮ್ಮ ಕಾಲು ಬಿಟ್ಟರೆ ಏನೂ ಕಾಣಲ್ಲ.

ಬಯಲಿಗೆ ಈ ಫ್ರೇಮ್ ನಿಲ್ಲಲ್ಲ ಅಂತ ಎಲ್ಲರೂ ಹೇಳಿದ್ದರು. ವಿ.ಸಿ. ಫಾರಂನಲ್ಲಿ ಒಮ್ಮೆ ಬಿದ್ದಿದ್ದೂ ನಿಜ. ಒಂದು ಗಂಟು ಮುರಿದದ್ದು ಅವತ್ತೇ. ಈಗ ಹಿಂದಿನ ಎರಡು ಕಾಲಿಗೆ ಹತ್ತತ್ತು ಕೆಜಿ ಬೆಲ್ಲದ ಬಾಕ್ಸ್ ಒರಗಿಸಿ ಸುತಲಿ ದಾರದಲ್ಲಿ ಬಿಗಿಯುತ್ತೇನೆ. ಮೇಲಿನ ಎರಡು ಮೂಲೆಯಿಂದ ಪೆಂಡಾಲ್ ಕಂಬಕ್ಕೆ ಸಡಿಲವಾಗಿ ದಾರ. ಬಿಗಿಯಾಗಿ ಕಟ್ಟಿದರೆ ಪೆಂಡಾಲ್ ಅಲ್ಲಾಡಿದಾಗ ಫ್ರೇಮನ್ನೂ ಎಳೆಯುತ್ತೆ. ಆಮೇಲೆ ಬಿದ್ದಿಲ್ಲ. ಮಳೆ ಸೂಚನೆ ಇದ್ದರೆ ಮಾತ್ರ ಮಡಚಿಬಿಡುತ್ತೇನೆ.

ಬಟ್ಟೆ ಹಿಂದೆ ಎಲ್‌ಇಡಿ ಪಟ್ಟಿ ಹಾಕಿಯೂ ನೋಡಿದೆ. ಫ್ರೇಮಿನ ಕಡ್ಡಿಗಳೆಲ್ಲ ಎಲುಬಿನ ಥರ ಕಂಡವು, ಬಿಟ್ಟೆ. ಜೋನಿ ಬೆಲ್ಲ ರುಚಿ ತೋರಿಸುವ ಮೇಜನ್ನು ಬಟ್ಟೆಯಿಂದ ಎರಡು ಅಡಿ ಆಚೆ ಇಡಿ. ಒಂದು ಹನಿ ಸಿಡಿದರೂ ರಾತ್ರಿ ಇರುವೆ ಸಾಲು ಹತ್ತುತ್ತೆ. ಬಟ್ಟೆಯನ್ನು ನಾನು ತಣ್ಣೀರಲ್ಲಿ ಮೆಲ್ಲಗೆ ಒಗೆದು ನೆರಳಲ್ಲಿ ಒಣಗಿಸುತ್ತೇನೆ.

ಭಾವನ ಸಂಘದ ಬಟ್ಟೆಗೆ ಸ್ಯಾಂಪಲ್ ತುಂಡು ನಿನ್ನೆ ಬಂತು. ಅಚ್ಚು ಪಕ್ಕದಲ್ಲಿಟ್ಟು ನೋಡಿದೆ. ಇನ್ನೂ ಸ್ವಲ್ಪ ಹಳದಿ ಇತ್ತು, ವಾಪಸ್ ಕಳಿಸಿದ್ದೇನೆ.