ಉಳುಕಿದ್ದು ಐದು ಸಲ, ಬುದ್ಧಿ ಬಂದದ್ದು ಆಮೇಲೆ

ನಾನು ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರು. ಮಕ್ಕಳ ಕಾಲು ಉಳುಕಿದರೆ ಐಸ್ ಇಟ್ಟು, ಕ್ರೇಪ್ ಬ್ಯಾಂಡೇಜ್ ಸುತ್ತಿ, "ಏನಾಗಲ್ಲ, ಎದ್ದು ನಡಿ" ಅಂತ ಕಳಿಸುತ್ತಿದ್ದವನು. ನನ್ನ ಕಾಲಿಗೂ ಹತ್ತು ವರ್ಷ ಅದನ್ನೇ ಹೇಳಿಕೊಂಡು ಬಂದೆ.

ಮೊದಲ ಸಲ ಉಳುಕಿದ್ದು ಊರ ಹಬ್ಬದ ವಾಲಿಬಾಲ್ ಪಂದ್ಯದಲ್ಲಿ. ಹೊನಲು ಬೆಳಕಿನ ಆಟ. ಸ್ಮ್ಯಾಷ್ ಹೊಡೆದು ಇಳಿಯುವಾಗ ಬ್ಲಾಕ್ ಮಾಡಿದವನ ಪಾದ ನೆಟ್ ಕೆಳಗಿನಿಂದ ಈ ಕಡೆ ಬಂದಿತ್ತು. ಅದರ ಮೇಲೆ ನನ್ನ ಬಲಗಾಲು ಬಿತ್ತು. ಪಾದ ಒಳಕ್ಕೆ ಮಡಚಿತು, 'ಟಪ್' ಅಂದದ್ದು ನನಗೇ ಕೇಳಿಸಿತು. ಅಜ್ಜಿ ಅರಿಶಿನ ಸುಣ್ಣ ಕಲಸಿ ಪಟ್ಟು ಹಾಕಿದಳು. ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗೇ ಇತ್ತು. ಹತ್ತು ದಿನಕ್ಕೆ ಊತ ಇಳಿಯಿತು, ಮೂರನೇ ವಾರಕ್ಕೆ ಮತ್ತೆ ಕೋರ್ಟಿಗೆ ಇಳಿದೆ.

ಅಲ್ಲೇ ತಪ್ಪಿದ್ದು. ಊತ ಇಳಿದದ್ದನ್ನೇ ವಾಸಿ ಅಂದುಕೊಂಡೆ.

ಆಮೇಲೆ ಕಾಲು ತಾನಾಗೇ ತಿರುಗೋಕೆ ಶುರುವಾಯಿತು. ಎರಡನೇ ಸಲ ಕಲ್ಲು ತುಳಿದು. ಮೂರನೇ ಸಲ ಬಸ್ಸಿನ ಮೆಟ್ಟಿಲು ಇಳಿಯುವಾಗ. ನಾಲ್ಕನೇದು ಸ್ಪೋರ್ಟ್ಸ್ ಡೇ ದಿನ, ಮಕ್ಕಳೆಲ್ಲ ನೋಡುತ್ತಿರುವಾಗಲೇ ಬಿದ್ದೆ. ನೋವಿಗಿಂತ ನಾಚಿಕೆ ಜಾಸ್ತಿ ಆಗಿತ್ತು. ಪಂದ್ಯ ಇದ್ದರೆ ನೋವಿನ ಮಾತ್ರೆ ನುಂಗಿ ಆಡುತ್ತಿದ್ದೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ.

ಐದನೇ ಸಲದ ನಂತರ ನೋವಿನ ಜಾಗ ಬದಲಾಯಿತು. ಮೊದಲೆಲ್ಲ ಹೊರಗಿನ ಗಿಣ್ಣಿನ ಹತ್ತಿರ ನೋಯುತ್ತಿತ್ತು. ಈಗ ಕೀಲಿನ ಒಳಗೆ, ಬೆರಳಿಟ್ಟು ತೋರಿಸೋಕೆ ಆಗದಷ್ಟು ಆಳದಲ್ಲಿ. ಬೆಳಿಗ್ಗೆ ಸರಿ ಇರುತ್ತಿತ್ತು, ಗ್ರೌಂಡಿನಲ್ಲಿ ನಿಂತು ಸಂಜೆ ಮನೆಗೆ ಬರುವಷ್ಟರಲ್ಲಿ ಊದಿಕೊಳ್ಳುತ್ತಿತ್ತು. ಒಮ್ಮೊಮ್ಮೆ ಏನೋ ಸಿಕ್ಕಿಕೊಂಡ ಹಾಗೆ ಕೀಲು ಹಿಡಿದುಬಿಡುತ್ತಿತ್ತು.

ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ನೋಡಿ "ಏನೂ ಇಲ್ಲ, ತೂಕ ಇಳಿಸಿ" ಅಂದರು. ಇನ್ನೊಬ್ಬ ಡಾಕ್ಟರು ಮೊದಲು ಕೈ ಇಟ್ಟು ನೋಡಿದರು. ಒಂದು ಕೈಯಲ್ಲಿ ಮೊಣಕಾಲ ಕೆಳಗಿನ ಮೂಳೆ ಹಿಡಿದು, ಇನ್ನೊಂದರಲ್ಲಿ ಹಿಮ್ಮಡಿಯನ್ನು ಮುಂದಕ್ಕೆ ಎಳೆದರು. ಎಡಗಾಲು ಗಟ್ಟಿಯಾಗಿ ನಿಂತಿತು. ಬಲಗಾಲು ಮೇಜಿನ ಡ್ರಾಯರಿನ ಹಾಗೆ ಮುಂದೆ ಸರಿಯಿತು. ಆ ಪರೀಕ್ಷೆಯ ಹೆಸರೂ ಅದೇ ಅಂತೆ, ಡ್ರಾಯರ್ ಟೆಸ್ಟ್. ನನ್ನ ಕಾಲು ಹಾಗೆ ಜಾರುವುದನ್ನು ನೋಡಿ ಹೊಟ್ಟೆ ತೊಳೆಸಿದ ಹಾಗಾಯಿತು.

ಎಂಆರ್‌ಐ ಆದ ಮೇಲೆ ಪೂರ್ತಿ ಕಥೆ ಗೊತ್ತಾಯಿತು. ಪಾದ ಒಳಕ್ಕೆ ಮಡಚಿದಾಗ ಮೊದಲು ಹರಿಯುವುದು ಹೊರಬದಿಯ ಮುಂದಿನ ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟುವ ನಾರಿನ ಪಟ್ಟಿ), ಎಟಿಎಫ್‌ಎಲ್ ಅನ್ನುತ್ತಾರೆ. ನನ್ನದು ಹರಿದು, ಉದ್ದವಾಗಿ ಕೂಡಿಕೊಂಡು, ಲಾಡಿ ಸಡಿಲವಾದ ಪೈಜಾಮದ ಹಾಗಾಗಿತ್ತು. ಕೀಲು ಅಲುಗಿದಾಗಲೆಲ್ಲ ಕೀಲಿನ ಕೆಳಭಾಗದ ಟಾಲಸ್ ಅನ್ನುವ ಮೂಳೆ ಮೇಲಿನ ಮೂಳೆಗೆ ಉಜ್ಜಿ, ಅದರ ಒಳಮೂಲೆಯಲ್ಲಿ ಸುಮಾರು 9 ಮಿಲಿಮೀಟರ್ ಅಗಲ ಕಾರ್ಟಿಲೇಜ್, ಅಂದರೆ ಮೂಳೆಯ ಮೇಲಿನ ನುಣುಪು ಪದರ, ಕಿತ್ತುಹೋಗಿತ್ತು.

ಕಾರ್ಟಿಲೇಜಿಗೆ ರಕ್ತನಾಳ ಇಲ್ಲ, ನರವೂ ಇಲ್ಲ. ನರ ಇಲ್ಲದ್ದರಿಂದ ಸವೆಯುವಾಗ ಗೊತ್ತಾಗಲ್ಲ, ಕೆಳಗಿನ ಮೂಳೆಗೆ ಪೆಟ್ಟು ಮುಟ್ಟಿದಾಗಲೇ ನೋವು. ರಕ್ತ ಇಲ್ಲದ್ದರಿಂದ ತಾನಾಗಿ ಕೂಡಿಕೊಳ್ಳುವುದೂ ಕಷ್ಟ. ಹತ್ತು ವರ್ಷ ನನಗೆ ಮೋಸ ಮಾಡಿದ್ದು ಇದೇ.

ಆದರೂ ಡಾಕ್ಟರು ತಕ್ಷಣ ಆಪರೇಷನ್ ಅನ್ನಲಿಲ್ಲ. ಮೂರು ತಿಂಗಳು ಫಿಸಿಯೋಥೆರಪಿ ಮಾಡಿಸಿದರು. ಅಲುಗಾಟ ಸ್ವಲ್ಪ ಹಿಡಿತಕ್ಕೆ ಬಂತು, ಒಳಗಿನ ನೋವು ಮಾತ್ರ ಹೋಗಲಿಲ್ಲ. ಆಗ ಕಾರ್ಟಿಲೇಜ್, ಲಿಗಮೆಂಟ್ ಎರಡರ ಆಪರೇಷನ್ನೂ ಒಂದೇ ಸಲ ಮಾಡೋಣ ಅಂದರು. ಕಾರ್ಟಿಲೇಜ್ ಕಿತ್ತುಹೋದ ಗುಂಡಿ ಮುಚ್ಚಿ ಕೀಲನ್ನು ಸಡಿಲವಾಗೇ ಬಿಟ್ಟರೆ ಹೊಸ ಜಾಗವೂ ಸವೆಯುತ್ತೆ, ಅಲ್ವಾ?

ಕೀಲಿನೊಳಗೆ ದುರ್ಬೀನು ಹಾಕಿ, ಕಿತ್ತುಬಂದ ಚೂರು ತೆಗೆದು, ಕೆಳಗಿನ ಮೂಳೆಗೆ ಸಣ್ಣ ಸಣ್ಣ ತೂತು ಮಾಡಿದರು. ಮೈಕ್ರೋಫ್ರಾಕ್ಚರ್ ಅಂತ ಅದರ ಹೆಸರು. ತೂತಿನಿಂದ ಮಜ್ಜೆಯ ರಕ್ತ ಬಂದು ಹೆಪ್ಪುಗಟ್ಟಿ, ನಿಧಾನವಾಗಿ ನಾರಿನಂಥ ಪದರ ಆಗುತ್ತೆ. ಮೂಲದ ನುಣುಪು ಅದಕ್ಕಿಲ್ಲ, ಟಾರು ರಸ್ತೆಗೆ ಹಾಕಿದ ತೇಪೆ ಅಷ್ಟೇ. ಸಣ್ಣ ಗಾಯಕ್ಕೆ ಆ ತೇಪೆ ಸಾಕಾಗುತ್ತೆ, ದೊಡ್ಡದಾದರೆ ಬೇರೆ ದಾರಿ ನೋಡುತ್ತಾರೆ. ಲಿಗಮೆಂಟಿಗೆ ಮಾಡಿದ್ದು ಸ್ವೀಡನ್ನಿನ ಬ್ರೋಸ್ಟ್ರಮ್ ಅನ್ನುವ ಸರ್ಜನ್ 1966ರಲ್ಲಿ ಪ್ರಕಟಿಸಿದ ರಿಪೇರಿ. ಸಡಿಲವಾದ ತುಂಡನ್ನು ಬಿಗಿ ಮಾಡಿ ಹೊಲಿಯುವುದು. 1980ರಲ್ಲಿ ಗೌಲ್ಡ್ ಅನ್ನುವವರು ಪಕ್ಕದ ಪಟ್ಟಿಯನ್ನೂ ಎಳೆದು ಅದರ ಮೇಲೆ ಹೊಲಿಯುವುದನ್ನು ಸೇರಿಸಿದರು. ನನಗೂ ಹಾಗೇ ಮಾಡಿದ್ದು.

ಆಪರೇಷನ್ ಸುಲಭ, ನಾನು ನಿದ್ದೆಯಲ್ಲಿದ್ದೆ. ಕಷ್ಟ ಆಮೇಲಿನದು.

ಆರು ವಾರ ಬಲಗಾಲು ನೆಲಕ್ಕೆ ಊರುವ ಹಾಗಿರಲಿಲ್ಲ. ನಮ್ಮ ಮನೆಯಲ್ಲಿ ಇಂಡಿಯನ್ ಟಾಯ್ಲೆಟ್. ಎರಡು ಕ್ರಚಸ್ ಹಿಡಿದು ಒಂಟಿ ಕಾಲಲ್ಲಿ ಅಲ್ಲಿ ಕೂರುವುದು ಹೇಗೆ ಅಂತ ಆಪರೇಷನ್ನಿಗೆ ಮೊದಲು ಯಾರೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಎರಡನೇ ದಿನ ಕಮೋಡ್ ಕುರ್ಚಿ ತರಿಸಿದೆವು. ನೀವು ಮೊದಲೇ ತರಿಸಿಟ್ಟುಕೊಳ್ಳಿ.

ಎರಡು ವಾರಕ್ಕೆ ಹೊಲಿಗೆ ಬಿಚ್ಚಿ ದೊಡ್ಡ ಬೂಟು ಹಾಕಿದರು. ಅದನ್ನು ತೆಗೆದು ದಿನಕ್ಕೆ ನಾಲ್ಕೈದು ಸಲ ಪಾದವನ್ನು ಮೇಲೆ ಕೆಳಗೆ ಆಡಿಸಬೇಕಿತ್ತು. ಭಾರ ಇಲ್ಲದ ಚಲನೆ ಹೊಸ ಪದರಕ್ಕೆ ಒಳ್ಳೇದು. ಒಳಕ್ಕೆ ಮಾತ್ರ ತಿರುಗಿಸಬಾರದು, ಹೊಲಿಗೆ ಎಳೆಯುತ್ತೆ. ಎಷ್ಟು ದಿನಕ್ಕೆ ಏನು ಅನ್ನುವುದು ಗಾಯ ನೋಡಿ ಬದಲಾಗುತ್ತೆ, ನನ್ನ ಲೆಕ್ಕ ನಿಮ್ಮ ಕಾಲಿಗೆ ಹೊಂದಬೇಕು ಅಂತೇನಿಲ್ಲ.

ಬೂಟು ಹೋದ ಮೇಲೆ ಮೀನಖಂಡ ನೋಡಿದರೆ ಬಲಗಡೆಯದು ಯಾರದೋ ಹುಡುಗನ ಕಾಲಿನ ಹಾಗೆ ಸಣಕಲು. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಮಂಚದ ಕಾಲಿಗೆ ಕಟ್ಟಿ, ಪಾದದಿಂದ ಹೊರಕ್ಕೆ ಎಳೆಯುತ್ತಿದ್ದೆ. ಪಾದ ಒಳಕ್ಕೆ ಮಡಚದಂತೆ ತಡೆಯುವುದು ಕಾಲಿನ ಹೊರಬದಿಯ ಆ ಸ್ನಾಯುಗಳೇ. ಲಿಗಮೆಂಟಿನಲ್ಲಿ ಪಾದ ಎಲ್ಲಿದೆ ಅಂತ ಮಿದುಳಿಗೆ ಹೇಳುವ ನರಗಳೂ ಇರುತ್ತವೆ. ಪದೇ ಪದೇ ಉಳುಕಿದರೆ ಆ ಸುದ್ದಿ ತಡವಾಗಿ ಮುಟ್ಟುತ್ತೆ, ಸ್ನಾಯು ಎಚ್ಚರಾಗುವಷ್ಟರಲ್ಲಿ ಕಾಲು ಮಡಚಿರುತ್ತೆ. ಹೊಲಿಗೆ ಇದನ್ನು ಸರಿ ಮಾಡಲ್ಲ. ಅಭ್ಯಾಸ ಒಂದೇ ದಾರಿ.

ಅದಕ್ಕೆ ಒಂಟಿ ಕಾಲಲ್ಲಿ ನಿಲ್ಲಬೇಕು. ಮೊದಲ ದಿನ ಬಲಗಾಲಲ್ಲಿ ನಾಲ್ಕು ಸೆಕೆಂಡ್ ನಿಂತೆ. ಕಣ್ಣು ಮುಚ್ಚಿದರೆ ಒಂದೂ ಇಲ್ಲ. ಇಪ್ಪತ್ತು ವರ್ಷದಿಂದ ಆಟ ಆಡಿಸುವವನಿಗೆ ಇದು ಪೆಟ್ಟು ಕೊಟ್ಟಿತು ನೋಡಿ. ಹಲ್ಲುಜ್ಜುವಾಗ ನಿಲ್ಲೋಕೆ ಶುರು ಮಾಡಿದೆ. ಆಮೇಲೆ ಮಡಚಿದ ಕಂಬಳಿಯ ಮೇಲೆ. ಬಡಗಿಯ ಹತ್ತಿರ ಒಂದು ಹಲಗೆಗೆ ಕೆಳಗೆ ಅರ್ಧ ಗುಂಡನೆಯ ಮರ ಹೊಡೆಸಿ ಅಲುಗಾಡುವ ಪಟ್ಟಿ ಮಾಡಿಸಿಕೊಂಡೆ. ನಾಲ್ಕನೇ ತಿಂಗಳಲ್ಲಿ ಸ್ಕೂಲಿನ ಲಾಂಗ್ ಜಂಪ್ ಮರಳು ಗುಂಡಿ. ಮಕ್ಕಳು ಸುತ್ತ ನಿಂತು ನನ್ನ ಸೆಕೆಂಡ್ ಎಣಿಸುತ್ತಿದ್ದರು, ಬಿದ್ದರೆ "ಔಟ್ ಸಾರ್!" ಅಂತ ಕೂಗುತ್ತಿದ್ದರು.

ಓಡೋಕೆ ಬಿಡುವ ಮೊದಲು ಫಿಸಿಯೋ ಎರಡು ಲೆಕ್ಕ ಇಟ್ಟರು. ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತುವುದು 25 ಸಲ. ಒಂಟಿ ಕಾಲಲ್ಲಿ ಕುಪ್ಪಳಿಸಿದರೆ ಎಡಗಾಲಿನ ದೂರದ ಶೇಕಡ 90ರಷ್ಟಾದರೂ ಬರಬೇಕು. ನನಗೆ ಏಳು ತಿಂಗಳು ಹಿಡಿಯಿತು.

ಈಗ ಎರಡು ವರ್ಷ ಆಗಿದೆ. ಒಮ್ಮೆಯೂ ಕಾಲು ತಿರುಗಿಲ್ಲ. ಚಳಿಗಾಲದ ಬೆಳಿಗ್ಗೆ ಕೀಲು ಸ್ವಲ್ಪ ಬಿಗಿಯಾಗಿರುತ್ತೆ, ಪೂರ್ತಿ ಕುಕ್ಕರುಗಾಲಲ್ಲಿ ಕೂತರೆ ಬಲ ಹಿಮ್ಮಡಿ ಒಂದು ಬೆರಳು ಮೇಲೇ ನಿಲ್ಲುತ್ತೆ. ವಾಲಿಬಾಲ್ ಆಡುತ್ತೇನೆ, ಆದರೆ ಹಿಂದಿನ ಸಾಲಿನಲ್ಲಿ. ನೆಟ್ ಹತ್ತಿರ ಹಾರುವುದನ್ನು ಹುಡುಗರಿಗೆ ಬಿಟ್ಟಿದ್ದೇನೆ. ಹಲ್ಲುಜ್ಜುವಾಗ ಈಗಲೂ ಒಂಟಿ ಕಾಲು. ಮನೆಯವಳು ನನಗೆ ಕೊಕ್ಕರೆ ಅಂತಲೇ ಹೆಸರಿಟ್ಟಿದ್ದಾಳೆ.