ಮ್ಯಾನ್‌ಹೋಲ್ ಸಾವಿನ ಬಗ್ಗೆ ಸಾಕ್ಷ್ಯಚಿತ್ರ: ಕ್ಯಾಮೆರಾಕ್ಕಿಂತ ಮೊದಲು ಕಾಗದ

ಒಳಚರಂಡಿಗೆ ಇಳಿದು ಪ್ರಾಣ ಕಳೆದುಕೊಂಡವರ ಬಗ್ಗೆ ಚಿತ್ರ ಮಾಡಹೊರಟವರು ಮೊದಲು ಹುಡುಕುವುದು ಒಂದೇ ದೃಶ್ಯ: ಕಪ್ಪು ನೀರಿನಲ್ಲಿ ಎದೆಮಟ್ಟ ಮುಳುಗಿ ನಿಂತ ಮನುಷ್ಯ. ಆ ದೃಶ್ಯದ ಆಸೆ ಬಿಟ್ಟುಬಿಡಿ. ಅದನ್ನು ಕಂಡವರು ಅಯ್ಯೋ ಅನ್ನುತ್ತಾರೆ, ಆದರೆ ಅವರನ್ನು ಅಲ್ಲಿಗೆ ಇಳಿಸಿದ್ದು ಯಾರು, ಹಣ ಕೊಟ್ಟಿದ್ದು ಯಾರು ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಗೊತ್ತಾಗುವುದು ಕಾಗದಗಳಿಂದ ಮತ್ತು ಸ್ಪಷ್ಟವಾಗಿ ಕೇಳಿಸುವ ಮನೆಯವರ ಮಾತಿನಿಂದ.

‘ಸ್ವಲ್ಪ ಇಳಿದು ತೋರಿಸಿ’ ಎಂದು ಯಾರನ್ನೂ ಕೇಳಲೇಬೇಡಿ. ರಕ್ಷಣಾ ಸಾಧನವಿಲ್ಲದೆ ಮ್ಯಾನ್‌ಹೋಲ್‌ಗೆ ಇಳಿಸುವುದು ಮಲ ಹೊರುವವರ ನೇಮಕ ನಿಷೇಧ ಮತ್ತು ಪುನರ್ವಸತಿಯ 2013ರ ಕಾಯ್ದೆಯ 7ನೇ ಕಲಮಿನಡಿ ಅಪರಾಧ. ಮೊದಲ ಸಲಕ್ಕೆ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಚಿತ್ರೀಕರಣಕ್ಕೆಂದು ಅದರಿಂದ ವಿನಾಯಿತಿ ಇಲ್ಲ. ಒಳಗಿರುವ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಸುಮಾರು 100 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲು, ದಾಟಿದರೆ ಮೂಗಿಗೆ ವಾಸನೆಯೇ ತಿಳಿಯದು. ‘ವಾಸನೆ ಹೋಯ್ತು, ಇಳಿಯಬಹುದು’ ಎಂಬ ಲೆಕ್ಕ ಜೀವ ತೆಗೆಯುವುದು ಹೀಗೆ. ಎತ್ತಲು ಇಳಿದ ಎರಡನೆಯವರೂ ಸಾಯುವುದು ಇದೇ ಕಾರಣಕ್ಕೆ.

ಕಾಗದ

1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ರಾಜ್ಯ ನಮ್ಮದು. ಹೀಗಾಗಿ ಕಡತದಲ್ಲಿ ಈ ಕೆಲಸ ಎಂದೋ ಮುಗಿದಿದೆ. ಕಡತಕ್ಕೂ ಬೀದಿಗೂ ಇರುವ ಅಂತರವೇ ನಿಮ್ಮ ಚಿತ್ರದ ವಸ್ತು.

ಮೊದಲು ಠಾಣೆಯ ದಾಖಲೆ ಪಡೆಯಿರಿ. ಸಾವನ್ನು ಬರೀ ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ಎಂದು ಬರೆದುಕೊಂಡಿದ್ದಾರೋ ಎಫ್‌ಐಆರ್ ಆಗಿದೆಯೋ ನೋಡಿ. ಎಫ್‌ಐಆರ್ ಆಗಿದ್ದರೆ ಕಲಮುಗಳನ್ನು ಒಂದೊಂದಾಗಿ ಓದಿ. ನಿರ್ಲಕ್ಷ್ಯದಿಂದಾದ ಸಾವು ಎಂಬುದಷ್ಟೇ ಇದೆಯೋ, 2013ರ ಕಾಯ್ದೆಯೂ ಇದೆಯೋ? ಮೃತರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅವರಿಂದ ಮಲ ಹೊರಿಸುವುದನ್ನು ಅಪರಾಧವೆನ್ನುವ 3(1)(ಜೆ) ಕಲಮು ಹಾಕಿದ್ದಾರೋ? ಬಿಟ್ಟುಹೋದ ಕಲಮು ಎಷ್ಟೋ ಸಲ ಇಡೀ ಪ್ರಕರಣದ ಕೀಲಿ. ಜೊತೆಗೆ ಮಹಜರು ಮತ್ತು ಮರಣೋತ್ತರ ಪರೀಕ್ಷೆಯ ವರದಿ ಬೇಕು. ಇವು ಮನೆಯವರ ಕೈಯಲ್ಲಿದ್ದರೆ ಅಲ್ಲೇ ಫೋಟೊ ತೆಗೆದುಕೊಂಡು ಮೂಲ ಪ್ರತಿಯನ್ನು ಅವರಿಗೇ ಬಿಟ್ಟು ಬನ್ನಿ.

ಇನ್ನು ಪರಿಹಾರ. 1993ರಿಂದೀಚೆಗೆ ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ತಲಾ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರ ಮಾರ್ಚ್ 27ರಂದು ಹೇಳಿತು. 2023ರ ಅಕ್ಟೋಬರ್ 20ರಂದು ಅದನ್ನು 30 ಲಕ್ಷಕ್ಕೆ ಏರಿಸಿತು. ಸಾವಿನ ದಿನಾಂಕ, ಆದೇಶದ ದಿನಾಂಕ, ಬ್ಯಾಂಕಿಗೆ ಹಣ ಬಂದ ದಿನಾಂಕ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದಿಡಿ.

ಗುತ್ತಿಗೆಯ ವಿವರಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ‘ಯಂತ್ರ ಯಾಕೆ ಬಳಸಲಿಲ್ಲ?’ ಎಂದು ಬರೆದರೆ ಅದು ಮಾಹಿತಿಯಲ್ಲ ಎಂದು ತಳ್ಳಿಹಾಕುತ್ತಾರೆ. ‘ಇಂಥ ತಿಂಗಳ ಜೆಟ್ಟಿಂಗ್ (ಒಳಚರಂಡಿ ಶುಚಿಗೊಳಿಸುವ) ಯಂತ್ರದ ಲಾಗ್ ಪುಸ್ತಕ, ಕಾರ್ಯಾದೇಶ, ಗುತ್ತಿಗೆದಾರರಿಗೆ ಕೊಟ್ಟ ಬಿಲ್ಲು, ಸುರಕ್ಷತಾ ಸಾಧನ ಖರೀದಿಯ ವೋಚರ್ – ಇವುಗಳ ಪ್ರತಿ’ ಎಂದು ದಾಖಲೆಯ ಹೆಸರು ಹಿಡಿದು ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಅದಕ್ಕೇ ಚಿತ್ರೀಕರಣಕ್ಕೆ ತಿಂಗಳುಗಳ ಮೊದಲೇ ಅರ್ಜಿ ಹೋಗಿರಲಿ.

ಒಪ್ಪಿಗೆ ಮತ್ತು ಮಾತು

ಬೆಂಗಳೂರಿನ ಹಲವು ಪೌರಕಾರ್ಮಿಕರ ಮನೆಮಾತು ತೆಲುಗು, ಕೆಜಿಎಫ್‌ನಲ್ಲಿ ತಮಿಳು. ಒಪ್ಪಿಗೆಯನ್ನು ಅವರ ಮಾತಿನಲ್ಲೇ ವಿವರಿಸಿ, ಅವರ ಮಾತಿನಲ್ಲೇ ರೆಕಾರ್ಡ್ ಮಾಡಿ. ಚಿತ್ರ ಯೂಟ್ಯೂಬ್‌ಗೆ ಹೋಗುತ್ತದೆ, ಮೇಸ್ತ್ರಿಯೂ ನೋಡಬಹುದು, ಕೆಲಸ ಹೋಗುವ ಅಪಾಯವಿದೆ ಎಂದು ಬಿಡಿಸಿ ಹೇಳದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಮುಖ ತೋರಿಸುವುದಕ್ಕೆ, ದನಿ ಬಳಸುವುದಕ್ಕೆ, ಹೆಸರು ಹೇಳುವುದಕ್ಕೆ ಬೇರೆ ಬೇರೆಯಾಗಿ ಕೇಳಿ. ಯಾವ ದಿನದವರೆಗೆ ಹಿಂತೆಗೆದುಕೊಳ್ಳಬಹುದು ಎಂಬುದನ್ನೂ ತಿಳಿಸಿ. ಮಾತನಾಡಲು ದುಡ್ಡು ಕೊಡಬೇಡಿ. ಆದರೆ ನಿಮಗಾಗಿ ಬಿಟ್ಟ ದಿನದ ಕೂಲಿ, ಬಸ್ಸಿನ ಖರ್ಚು ಕೊಡುವುದು ನ್ಯಾಯ. ಕೊಟ್ಟಿದ್ದನ್ನು ಚಿತ್ರದ ಕೊನೆಯಲ್ಲಿ ನಮೂದಿಸಿ.

ಮೇಸ್ತ್ರಿಯಿಂದ ಮೇಲಧಿಕಾರಿಯವರೆಗೆ ಎಲ್ಲರೂ ಅವರನ್ನು ಏಕವಚನದಲ್ಲೇ ಕೂಗುತ್ತಾರೆ. ನಿಮ್ಮ ತಂಡದ ಬಾಯಲ್ಲಿ, ನಿರೂಪಣೆಯಲ್ಲಿ, ಸಬ್‌ಟೈಟಲ್‌ನಲ್ಲಿ ಬಹುವಚನವೇ ಇರಲಿ. ‘ಸತ್ತ’ ಅಲ್ಲ, ‘ತೀರಿಕೊಂಡರು’.

‘ನಿಮಗೆ ಹೇಗನ್ನಿಸಿತು?’ ಎಂಬ ಪ್ರಶ್ನೆ ಬೇಡ. ಅಳು ಬರುತ್ತದೆ, ವಿಷಯ ಬರುವುದಿಲ್ಲ. ‘ಆ ದಿನ ಬೆಳಿಗ್ಗೆ ಯಾರು ಫೋನ್ ಮಾಡಿದರು? ಎಷ್ಟು ಕೊಡ್ತೀನಿ ಅಂದರು? ಹಗ್ಗ ಇತ್ತಾ?’ ಎಂದು ಕೇಳಿ, ಆಮೇಲೆ ಸುಮ್ಮನಿರಿ.

ದನಿ, ಬೆಳಕು

ಚಿತ್ರ ಮಸುಕಾದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಎದ್ದುಹೋಗುತ್ತಾರೆ. ಕಾಲರ್ ಮೈಕು ಗಲ್ಲದಿಂದ ಒಂದು ಗೇಣು ಕೆಳಗಿರಲಿ, ಸೆರಗು ಅಥವಾ ತಾಳಿ ಸರಕ್ಕೆ ತಾಗದಿರಲಿ. 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿ, ಜೋರು ಮಾತು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವಂತೆ ನೋಡಿಕೊಳ್ಳಿ. ಹೆಡ್‌ಫೋನ್ ಹಾಕದೆ ಶುರು ಮಾಡಬೇಡಿ. ಒಂದು ಕೋಣೆಯ ಮನೆಯಲ್ಲಿ ಫ್ಯಾನು, ಟಿವಿ ಆರಿಸಲು ಕೇಳಿಕೊಳ್ಳಿ. ಮಾತು ಮುಗಿದ ಮೇಲೆ ಎಲ್ಲರೂ ಸುಮ್ಮನಿದ್ದು ಒಂದು ನಿಮಿಷ ಕೋಣೆಯ ಸದ್ದನ್ನೇ ಹಿಡಿಯಿರಿ, ಎಡಿಟಿಂಗ್‌ನಲ್ಲಿ ಕತ್ತರಿಸಿದ ಜಾಗ ಮುಚ್ಚಲು ಬೇಕಾಗುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟರೆ ಟ್ಯೂಬ್‌ಲೈಟಿನ ಮಿನುಗು ಬಹುಮಟ್ಟಿಗೆ ಬರುವುದಿಲ್ಲ.

ಗುರುತು ಮರೆಮಾಡಬೇಕಾದರೆ

ತೆಗೆದ ಮೇಲೆ ಮಸುಕು ಮಾಡುವುದಕ್ಕಿಂತ ತೆಗೆಯುವಾಗಲೇ ಮುಖ ಬಾರದಂತೆ ನೋಡಿಕೊಳ್ಳುವುದು ಎಷ್ಟೋ ಮೇಲು. ಕ್ಯಾಮೆರಾ ಕಳುವಾದರೂ, ಯಾರಾದರೂ ಕಿತ್ತುಕೊಂಡರೂ ಮುಖ ಸಿಗುವುದಿಲ್ಲ. ಕಿಟಕಿಗೆ ಬೆನ್ನು ಮಾಡಿ ಕೂರಿಸಿ, ಹೊರಗಿನ ಬೆಳಕಿಗೆ ಎಕ್ಸ್‌ಪೋಶರ್ ಹೊಂದಿಸಿದರೆ ಆಕೃತಿ ಕಪ್ಪಾಗುತ್ತದೆ. ಇಲ್ಲಿ ಆಗುವ ತಪ್ಪೆಂದರೆ ಕೈಯ ಹಚ್ಚೆ, ಬಳೆ, ಗೋಡೆಯ ಮೇಲಿನ ಫೋಟೊ, ಮನೆಯ ಮುಂದಿನ ಬೋರ್ಡು ಮರೆತುಬಿಡುವುದು. ಓಣಿಯವರಿಗೆ ಅಷ್ಟೇ ಸಾಕು ಗುರುತು ಹಿಡಿಯಲು. ದನಿಯ ಪಿಚ್ ಬದಲಿಸಿದರೆ ಸಾಲದು, ಅದನ್ನು ಮತ್ತೆ ಮೊದಲಿನ ದನಿಗೆ ತರಬಹುದು. ಬೇರೆಯವರಿಂದ ಅದೇ ಮಾತನ್ನು ಓದಿಸಿ, ಹಾಗೆಂದು ಪರದೆಯ ಮೇಲೆ ತಿಳಿಸಿ. ಫೋನಿನಲ್ಲಿ ತೆಗೆಯುವುದಾದರೆ ಲೊಕೇಶನ್ ಆಫ್ ಮಾಡಿ.

ಬಿಡುಗಡೆಗೆ ಮೊದಲು

ಚಿತ್ರದಲ್ಲಿ ಆರೋಪ ಬರುವ ಗುತ್ತಿಗೆದಾರರಿಗೂ ಇಲಾಖೆಗೂ ಪ್ರಶ್ನೆಗಳನ್ನು ಬರಹದಲ್ಲಿ ಕಳಿಸಿ, ಕನಿಷ್ಠ ಏಳು ದಿನ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ಉತ್ತರ ಬಂದರೆ ಅರ್ಥ ಕೆಡದಂತೆ ಸೇರಿಸಿ. ಸಬ್‌ಟೈಟಲನ್ನು ಅದೇ ಮನೆಮಾತಿನವರಿಂದ ಓದಿಸಿ, ಜಾತಿಯ ಹೆಸರು, ಬೈಗುಳಗಳ ಅನುವಾದದಲ್ಲೇ ಹೆಚ್ಚು ಎಡವಟ್ಟಾಗುವುದು. ಮೊದಲ ಪ್ರದರ್ಶನ ಮೃತರ ಮನೆಯವರ ಕಾಲೊನಿಯಲ್ಲೇ ಆಗಲಿ. ಮೃತದೇಹವನ್ನು ಎತ್ತುವ ಮೊಬೈಲ್ ತುಣುಕು ನಿಮ್ಮಲ್ಲಿದ್ದರೆ ಅದನ್ನು ಚಿತ್ರದಲ್ಲಿ ಹಾಕಬೇಡಿ, ಮಕ್ಕಳು ಮುಂದೆ ನೋಡುತ್ತಾರೆ.

ಕತ್ತರಿಸದ ಪೂರ್ತಿ ಸಂದರ್ಶನದ ಪ್ರತಿಯನ್ನೂ ದಾಖಲೆಗಳ ಪ್ರತಿಗಳನ್ನೂ ಒಂದು ಪೆನ್‌ಡ್ರೈವ್‌ಗೆ ಹಾಕಿ ಮನೆಯವರಿಗೆ ಕೊಡಿ. ಪರಿಹಾರದ ಅರ್ಜಿ ಹಿಡಿದು ಕಚೇರಿ ಅಲೆಯುವಾಗ, ವಕೀಲರ ಮುಂದೆ ಕೂತಾಗ ಅವರಿಗೆ ಬೇಕಾಗುವುದು ನಿಮ್ಮ ಚಿತ್ರಕ್ಕಿಂತ ಹೆಚ್ಚಾಗಿ ಅದು.